ಹತ್ರ ಹೋದಷ್ಟೂ ಜೋರು

ಬಾಜೂ ಮನಿ ಸಿದ್ದಮ್ಮನ ಮಗಳಿಗೆ ಗಂಡು ನೋಡಾಕ ಆದೋನಿಗೆ ಹೋಗಿದ್ವಿ. ನಾನು ಹ್ಞೂಂ ಅಂದ್ರನ ಸಂಬಂಧ ಅಂತ ಸಿದ್ದಮ್ಮ ಮೊದಲ ಹೇಳಿದ್ಲು. ಹುಡುಗ ಕಾಲೇಜಿನಾಗ ಫಿಜಿಕ್ಸ್ ಹೇಳ್ತಾನ. ಅವರವ್ವ ಬೆಣ್ಣಿಯಂಗ ಮಾತಾಡಿ ಒಳಗ ಹೋದ್ಲು.

"ಏನು ಪಾಠ ಹೇಳ್ತಿಯಪ್ಪಾ?" ಅಂದೆ.

"ಖಾಲಿ ಜಾಗ ಅನ್ನೋದು ಖಾಲಿ ಅಲ್ಲಮ್ಮಾ. ಎಲೆಕ್ಟ್ರಾನಿಗೆ ತೂಕ ಬರೋದು ಅದರಾಗ ಇರೋದ್ರಿಂದನ. ಎಲೆಕ್ಟ್ರಾನಿನ ಚಾರ್ಜನ್ನೂ ಅದು ಮುಚ್ಚಿ ಇಡತೈತಿ. ದೂರಕ್ಕ ಕಮ್ಮಿ ಕಾಣತೈತಿ, ಹತ್ರ ಹೋದಷ್ಟೂ ಜೋರು."

ನಾಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾನು. ಆದ್ರೂ ಇದು ತಲಿಗೆ ಹತ್ತಿತು. ಕೈ ತೊಳಿಯೋ ನೆಪ ಹೇಳಿ ಅಡಿಗಿ ಮನಿ ಬಾಗಲಿಗೆ ಹೋದೆ. ಅವರವ್ವ ಹಿರಿ ಸೊಸಿ ಮ್ಯಾಲೆ ಹಲ್ಲು ಕಡೀತಿದ್ಲು: "ಒಗ್ಗಾಣಿಗೆ ಇಷ್ಟೆಣ್ಣಿ ಸುರುವಿಯಲ್ಲ, ನಿಮ್ಮಪ್ಪ ಗಾಣ ಇಟ್ಟಾನೇನು?"

ಒಪ್ಪಿಗಿ ಆಗೋಗಂಟ ಗಂಡಿನ ಮನ್ಯಾಗ ನಾವು ಬಾಯಿಗೆ ಏನೂ ಹಾಕಂಗಿಲ್ಲ, ತಿಂದ್ರ ಒಪ್ಪಿದಂಗ. ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಜ್ಜಿ ಪ್ಲೇಟು ಬಂತು. ಸಿದ್ದಮ್ಮ ನನ್ನ ಮಕ ನೋಡಿದ್ಲು. ನಾನ ಮೊದಲು ಮಿರ್ಚಿ ಕಡದೆ.

ಬಸ್ಸಿನಾಗ ಆಕಿ ಕೇಳಿದ್ಲು, "ಅತ್ತಿ ಹೆಂಗದಾಳ?"

"ಹುಡುಗ ಹೇಳಿದಂಗ. ಹತ್ರ ಹೋದ್ರ ಜೋರು."

"ಅಯ್ಯ, ಮತ್ಯಾಕ ತಿಂದಿ?"

"ನಿನ್ನ ಮಗಳನ್ನೂ ಅವರು ದೂರದಿಂದನ ನೋಡ್ಯಾರ, ಸುಮ್ಕಿರು."