ಬಾಯಿ ಬಿಟ್ಟ ಸೊನ್ನೆ

ನಮ್ಮ ಯಜಮಾನರು ತೀರಿಕೊಂಡ ಏಳನೇ ದಿನಕ್ಕೆ ಅವರ ತಿಥಿ ಕಾರ್ಡು ಮಧುಗಿರಿಯಿಂದ ಬಂತು. ಇನ್ನೂರು ಕಾರ್ಡು. ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿತ್ತು. ಮಗಳು ಜ್ಯೋತಿಲಕ್ಷ್ಮಿ ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಓದುವುದು ನಿಧಾನ. ಹೆಸರು ಓದುವುದಕ್ಕೂ ಮೊದಲು ಸೊನ್ನೆ ನೋಡಿದೆ. ‘ದಿವಂಗತ’ದ ಸೊನ್ನೆ ಬಾಯಿ ಬಿಟ್ಟಿತ್ತು. ‘ವೈಕುಂಠ’ದ ಸೊನ್ನೆಯೂ ಬಿಟ್ಟಿತ್ತು.

“ಯಾಕಮ್ಮ? ತಪ್ಪಾಗೈತಾ?” ಎಂದಳು ಮಗಳು.

“ಏನಿಲ್ಲ. ಹಂಚು” ಎಂದೆ.

ಸೊನ್ನೆ ಏನೆಂದು ತಿಳಿಯಬೇಕಾದರೆ ನಮ್ಮ ಯಜಮಾನರು ಏನು ಮಾಡುತ್ತಿದ್ದರು ಎಂದು ತಿಳಿಯಬೇಕು.

ಹೆಸರು ಮೂಡಲಗಿರಿಯಪ್ಪ. ಹುಲಿಕುಂಟೆ ಕಡೆಯವರು. ಹದಿನೇಳು ವರ್ಷಕ್ಕೆ ಶಿರಾದ ಒಂದು ಪ್ರೆಸ್ಸಿಗೆ ಅಚ್ಚುಮೊಳೆ ಜೋಡಿಸಲು ಸೇರಿದರು. ಸೀಸದ ಅಕ್ಷರ ಒಂದೊಂದೇ ಹೆಕ್ಕಿ ಸಾಲು ಕಟ್ಟುವ ಕೆಲಸ. ನಮ್ಮ ಮದುವೆಯ ಲಗ್ನಪತ್ರಿಕೆಯ ಮೊಳೆಯನ್ನು ಅವರೇ ಜೋಡಿಸಿದ್ದು. ಆಮೇಲೆ ಕಂಪ್ಯೂಟರ್ ಬಂತು. ಮೊಳೆಗಳನ್ನು ಗುಜರಿಗೆ ಹಾಕಿದರು. ಜೊತೆಯವರು ಬೇರೆ ಬೇರೆ ಕೆಲಸಕ್ಕೆ ಹೋದರು. ಇವರು ಕಂಪ್ಯೂಟರ್ ಕಲಿತರು.

ಬೆಂಗಳೂರಿನ ಕನ್ನಡ ಸಾಫ್ಟ್‌ವೇರ್ ನಮ್ಮ ತಾಲೂಕಿನ ಪ್ರೆಸ್ಸುಗಳಿಗೆ ಎಟುಕುತ್ತಿರಲಿಲ್ಲ. ಎಟುಕಿದರೂ ಅದರಲ್ಲಿ ನಮ್ಮ ಲಗ್ನಪತ್ರಿಕೆಯ ಕ್ರಮ ಇರಲಿಲ್ಲ. ಮನೆದೇವರು ಮೇಲೆ, ತೀರಿಕೊಂಡ ಹಿರಿಯರ ಹೆಸರು ಅದರ ಕೆಳಗೆ, ಸೋದರಮಾವನ ಹೆಸರು ಎಲ್ಲಿ ಬರಬೇಕು, ಇದು ಅವರಿಗೆ ಏನು ಗೊತ್ತು? ಇವರು ನಾಲ್ಕು ವರ್ಷ ಕೂತು ತಾವೇ ಒಂದು ಬರೆದರು. ಅಕ್ಷರ ಕೂಡ ತಾವೇ ಕೊರೆದರು. ಅದಕ್ಕೆ ‘ಮೂಡಲ’ ಎಂದು ಹೆಸರಿಟ್ಟರು. ಬೇರೆಯವರ ಕೈಲಿ ಕೊಟ್ಟು ಮಾರಿಸಲಿಲ್ಲ. ತಮ್ಮ ಹೆಸರಲ್ಲೇ ಹೊರತಂದರು. ಸಿಡಿಯ ರಟ್ಟಿನ ಕವರು ಮಡಿಸಿ ಅಂಟಿಸುತ್ತಿದ್ದವಳು ನಾನು. ಸಿಡಿಯ ಮೇಲೆ ನಂಬರು ಬರೆಯುತ್ತಿದ್ದವಳೂ ನಾನು.

ನಂಬರ್ ಒಂದನ್ನು ಕೊಂಡವರು ಮಧುಗಿರಿಯ ನಾಗಲಿಂಗಯ್ಯ. ಬಸ್ ಸ್ಟ್ಯಾಂಡ್ ಹಿಂದೆ ಅವರ ಪ್ರೆಸ್ಸು. ಸಿಡಿಗೆ ಕುಂಕುಮ ಇಟ್ಟು, ಹೂವ ಏರಿಸಿ, ಆಮೇಲೆ ಕಂಪ್ಯೂಟರಿಗೆ ಹಾಕಿದರಂತೆ. ಇವರು ಇದನ್ನು ಎಷ್ಟು ಜನಕ್ಕೆ ಹೇಳಿದರೋ ಲೆಕ್ಕವಿಲ್ಲ.

“ನಾಗಲಿಂಗಯ್ಯನಂತೋರು ತಾಲೂಕಿಗೆ ಹತ್ತು ಜನ ಇದ್ರೆ ಸಾಕು ಕಣೆ” ಎನ್ನುತ್ತಿದ್ದರು. “ದೇಶದಾಗೆ ಎಷ್ಟ್ ಭಾಷೆ ಅದಾವೆ! ಒಂದೊಂದು ಊರಾಗೂ ಒಬ್ಬ ಬರ್ದು ಮಾರ್ತಾನೆ. ಹೊರಗಿನೋರ್ ಮುಂದೆ ಯಾಕ್ ಕೈ ಒಡ್ಡಬೇಕು?”

ಒಂದು ಸಲ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪ್ರದರ್ಶನಕ್ಕೆ ಹೋಗಿ ಬಂದರು. ಬಂದವರು ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಅಲ್ಲಿ ಒಬ್ಬರು ಹೇಳಿದ್ದರಂತೆ, ನಮ್ಮ ದೇಶದಲ್ಲಿ ಸಾಫ್ಟ್‌ವೇರ್ ಬರೆಯುವವರು ಲಕ್ಷಗಟ್ಟಲೆ, ಬರೆದದ್ದನ್ನು ತಮ್ಮ ಹೆಸರಿಟ್ಟು ಮಾರುವವರು ಬೆರಳೆಣಿಕೆ ಎಂದು. ನೀವೂ ಬನ್ನಿ, ಹೊರದೇಶದವರ ಕೆಲಸ ಮಾಡಿಕೊಡಿ, ತಿಂಗಳ ಸಂಬಳ ಎಂದೂ ಕರೆದರಂತೆ. ಇವರು ಹೋಗಲಿಲ್ಲ. ಕರೆದವರೂ ಮೊದಲು ಸ್ವಂತ ಸಾಫ್ಟ್‌ವೇರ್ ಮಾರುತ್ತಿದ್ದವರೇ. ಜನ ಕಾಪಿ ಮಾಡಿಕೊಂಡರು, ಅವರು ಅಂಗಡಿ ಮುಚ್ಚಿದರು.

ನಮಗೂ ಅದೇ ಆಯಿತು. ನಾನು ನಂಬರು ಬರೆದು ಕಳಿಸಿದ್ದು ನಲವತ್ತೊಂದು ಸಿಡಿ. ಆದರೆ ಶಿರಾ, ಪಾವಗಡ, ಕೊರಟಗೆರೆ, ಎಲ್ಲಿಂದ ಪತ್ರಿಕೆ ಬಂದರೂ ಅದರಲ್ಲಿ ಇವರ ಅಕ್ಷರ. ಒಬ್ಬ ಕೊಂಡರೆ ಹತ್ತು ಜನ ಎತ್ತಿಕೊಳ್ಳುತ್ತಿದ್ದರು.

“ಬೀಗ ಹಾಕ್ರಿ” ಎಂದೆ.

“ಬೀಗ ಹಾಕುದ್ರೆ ಮುರೀತಾರೆ. ಓಡ್ಲಿ ಬುಡು. ಕದ್ದಿದ್ದು ಅಂತ ನಂಗ್ ಮಾತ್ರ ಗೊತ್ತಾದ್ರೆ ಸಾಕು.”

ಅವರು ಮಾಡಿದ್ದು ಇಷ್ಟು. ಸಿಡಿ ಹಾಕಿದಾಗ ಕಂಪ್ಯೂಟರ್ ಒಂದು ನಂಬರು ತೋರಿಸುತ್ತದೆ. ಇವರಿಗೆ ಫೋನ್ ಮಾಡಿ ಆ ನಂಬರು ಹೇಳಬೇಕು. ಇವರು ಒಂದು ಪದ ಹೇಳುತ್ತಾರೆ. ಹಾಕಿದರೆ ಎಲ್ಲ ಸರಿ. ಮೊದಲೇ ಕೊಂಡವರಿಗೆಲ್ಲ ಅದೇ ನಂಬರಿನ ಹೊಸ ಸಿಡಿ ಕಳಿಸಿ, ತಾವೇ ಫೋನ್ ಮಾಡಿ ಪದ ಕೊಟ್ಟರು. ಪದ ಹಾಕದಿದ್ದರೂ ಕೆಲಸ ನಡೆಯುತ್ತದೆ, ಆದರೆ ಸೊನ್ನೆ ಮುಚ್ಚುವುದಿಲ್ಲ. ಮೇಲುಗಡೆ ಕೂದಲೆಳೆಯಷ್ಟು ಬಿರುಕು. ನೋಡುವವರ ಕಣ್ಣಿಗೆ ಬೀಳುವುದಿಲ್ಲ. ನನಗೆ ಭೂತಗನ್ನಡಿ ಕೊಟ್ಟು ತೋರಿಸಿದರು. ಆಮೇಲೆ ನನಗೆ ಭೂತಗನ್ನಡಿ ಬೇಕಾಗಲಿಲ್ಲ.

ಕದ್ದವರೇ ಫೋನ್ ಮಾಡುತ್ತಿದ್ದರು. ಪಾವಗಡದಿಂದ ಒಬ್ಬ, ಅರ್ಧ ತೆಲುಗಿನಲ್ಲಿ: “ಏಂದನ್ನಾ ಇದಿ? ದೊಡ್ಡ ಬ್ಯಾನರ್ ಮಾಡಿದ್ರೆ ನಿನ್ ಸೊನ್ನೆ ಬಾಯ್ ತಕ್ಕೊಂಡು ಕುಂತೈತಲ್ಲ!”

“ನಿಮ್ ಸಿಡಿ ನಂಬರ್ ಎಷ್ಟಪ್ಪ?” ಎಂದು ಇವರು ಕೇಳಿದರೆ ಫೋನ್ ಕಟ್. ನಾವಿಬ್ಬರೂ ನಗುತ್ತಿದ್ದೆವು. ನಕ್ಕ ದಿನಗಳೂ ಇದ್ದವು.

ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಪತ್ರಿಕೆ. ಪುರವರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತು ಜೇಬಿನಿಂದ ಪತ್ರಿಕೆ ತೆಗೆದರು.

“ಕೊರಟಗೆರೆ ಕಳ್ಳ” ಎಂದರು.

“ಪಾಯಸ ಆರೋಗ್ತೈತೆ. ಮೊದ್ಲು ಅದುನ್ ಉಣ್ರಿ.”

“ನೋಡೇ, ಮಂಗಳದ ಸೊನ್ನೆ ಬಾಯ್ ಬುಟ್ಟೈತೆ.”

“ನೀವ್ ಬಾಯ್ ಮುಚ್ಚುದ್ರೆ ಸಾಕು.”

ಪಕ್ಕದವರು ನಕ್ಕರು. ಇವರೂ ನಕ್ಕರು. ಆದರೆ ಪಾಯಸ ಎಲೆಯಲ್ಲೇ ಉಳಿಯಿತು.

ಮನೆಯಲ್ಲಿ ಟ್ರಂಕಿನಲ್ಲಿ ಎರಡು ಕಟ್ಟು ಇಟ್ಟಿದ್ದರು. ಸೊನ್ನೆ ಬಾಯಿ ಬಿಟ್ಟ ಪತ್ರಿಕೆಗಳದ್ದು ದೊಡ್ಡದು. ಸೊನ್ನೆ ಮುಚ್ಚಿದ್ದು ಸಣ್ಣದು. ಆಮೇಲೆ ಬಿಟ್ಟಿ ಅಕ್ಷರಗಳು ಬಂದವು. ಆಮೇಲೆ ಜನ ಮದುವೆಗೆ ಮೊಬೈಲಿನಲ್ಲೇ ಕರೆಯಲು ಶುರು ಮಾಡಿದರು. ಸಿಡಿ ಹಾಕುವ ಜಾಗವೇ ಕಂಪ್ಯೂಟರಿನಲ್ಲಿ ಇಲ್ಲದಂತಾಯಿತು. ಕಡೆಯ ಆರು ವರ್ಷ ಒಂದೂ ಹೋಗಲಿಲ್ಲ. ಇವರು ಮಾತ್ರ ದಿನಾ ಕೂತು ಏನೋ ತಿದ್ದುತ್ತಿದ್ದರು.

ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಹೃದಯದ ತೊಂದರೆ. ಎರಡನೇ ದಿನ ಮಾತಾಡಿದರು. “ಮೂಡಲದ ಮೂಲ ಎಲ್ಲ ಒಂದ್ ಡಬ್ಬೀಲೈತೆ. ನಾಗಲಿಂಗಯ್ಯಂಗೆ ಕೊಡು. ಅವ್ನು ಕೆಡುಸಲ್ಲ.” ಮೂಲ ಎಂದರೆ ಅವರು ಬರೆದದ್ದೆಲ್ಲ. ಕಂಪ್ಯೂಟರಿಗೆ ಸಿಕ್ಕಿಸುವ, ಅಂಗೈಯಗಲದ ಕಪ್ಪು ಡಬ್ಬಿ. ಅವರ ಇಪ್ಪತ್ತು ವರ್ಷ ಅದರಲ್ಲಿತ್ತು. ಆಗಲಿ ಎಂದೆ. ಅದು ನಾನು ಅವರಿಗೆ ಕೊಟ್ಟ ಕಡೆಯ ಮಾತು.

ತಿಥಿ ಕಾರ್ಡನ್ನೂ ನಾಗಲಿಂಗಯ್ಯನವರೇ ಮಾಡಿಕೊಡುತ್ತೇನೆಂದು ಹಟ ಹಿಡಿದಿದ್ದರು. ಆ ಕಾರ್ಡಿನಲ್ಲೇ ಸೊನ್ನೆ ಬಾಯಿ ಬಿಟ್ಟಿತ್ತು.

ಹನ್ನೊಂದನೇ ದಿನ ಕಳೆಯಲಿ ಎಂದು ಸುಮ್ಮನಿದ್ದೆ. ಅವತ್ತು ನಾಗಲಿಂಗಯ್ಯ ಬಂದು ಎಲ್ಲರ ಮುಂದೆ ಅತ್ತರು. “ನಾನೇ ಕಣಪ್ಪ ನಂಬರ್ ಒಂದು” ಎಂದರು. ನಾನು ಅವರ ಎಲೆಗೆ ಬಡಿಸಿದೆ.

ಹದಿಮೂರನೇ ದಿನ ಡಬ್ಬಿಯನ್ನೂ ಕಾರ್ಡನ್ನೂ ಚೀಲಕ್ಕೆ ಹಾಕಿಕೊಂಡು ಮಧುಗಿರಿ ಬಸ್ ಹತ್ತಿದೆ. ಸೂತಕದ ಮನೆಯವಳು ಊರು ತಿರುಗಬಾರದು ಎಂದು ನಮ್ಮ ಓರಗಿತ್ತಿ ಅಂದಳು. ಅಂದುಕೊಳ್ಳಲಿ.

ನಾಗಲಿಂಗಯ್ಯ ಕುರ್ಚಿ ಒರೆಸಿ ಹಾಕಿದರು. ನಾನು ಕೂರಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟೆ.

“ನಾಗಲಿಂಗಣ್ಣ, ಈ ಸೊನ್ನೆ ಯಾಕ್ ಬಾಯ್ ಬುಟ್ಟೈತೆ?”

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಬಿಳಿಚಿತು.

“ನಂಬರ್ ಒಂದು ಎಲ್ಲೋಯ್ತು?”

“ಹಳೇ ಕಂಪ್ಯೂಟರ್ ಸುಟ್ಟೋಯ್ತಕ್ಕ. ಒಂಬತ್ತ್ ವರ್ಷ ಆಯ್ತು. ಸಿಡಿ ಹುಡುಕ್ದೆ, ಸಿಕ್ಲಿಲ್ಲ. ಮಗಳ ಮದ್ವೆ ಹತ್ರ ಬಂದಿತ್ತು. ಪಾವಗಡದ ಪ್ರೆಸ್ಸಿನೋನು ಅವಂದ್ ಹಾಕ್ಕೊಟ್ಟ.”

“ಒಂದ್ ಫೋನ್ ಮಾಡಿದ್ರೆ ಅವರು ಇನ್ನೊಂದ್ ಕೊಡ್ತಿರ್ಲಿಲ್ವಾ?”

“ಕೊಡ್ತಿದ್ದ. ಬಸ್ ಹತ್ತಿ ತಂದ್ಕೊಡ್ತಿದ್ದ.” ತಲೆ ಬಗ್ಗಿಸಿದರು. “ಊರೂರ್ ಮೇಲೆ ನಂಬರ್ ಒಂದು ನಂಬರ್ ಒಂದು ಅಂತ ಹೇಳ್ಕಂಡ್ ತಿರುಗ್ತಿದ್ದ. ಅದನ್ನೇ ಕಳ್ಕೊಂಬುಟ್ಟೆ ಅಂತ ಯಾವ ಬಾಯಲ್ ಹೇಳ್ಲಿ? ನಾಚ್ಕೆ ಆಯ್ತು ಕಣಕ್ಕ.”

“ಕದಿಯಾಕೆ ಆಗ್ಲಿಲ್ವಾ ನಾಚ್ಕೆ?”

ಅವರು ಕಾರ್ಡನ್ನು ಮಗುಚಿ ಇಟ್ಟರು. ಡಬ್ಬಿ ಚೀಲದಲ್ಲೇ ಇತ್ತು. ಹೊರಗೆ ತೆಗೆಯಲಿಲ್ಲ. ಅದೇ ಚೀಲ ಹಿಡಿದು ಶಿರಾಕ್ಕೆ ವಾಪಸ್ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವರು ಕಡೆಯಲ್ಲಿ ನಂಬಿ ಹೆಸರು ಹೇಳಿದ ಮನುಷ್ಯ ಇವನು. ಇವನಿಗೆ ಕೊಟ್ಟರೆ ಕಳ್ಳನಿಗೆ ಕೊಟ್ಟಂತೆ. ಕೊಡದಿದ್ದರೆ ಸಾಯುವವರಿಗೆ ಕೊಟ್ಟ ಮಾತು ತಪ್ಪಿದಂತೆ.

ಮನೆಗೆ ಬಂದು ಟ್ರಂಕು ತೆಗೆದೆ. ನಾಗಲಿಂಗಯ್ಯನ ಮಗಳ ಲಗ್ನಪತ್ರಿಕೆ ಹುಡುಕಿದೆ. ಆ ಪತ್ರಿಕೆ ಕೊಡಲು ನಾಗಲಿಂಗಯ್ಯ ಗಂಡ ಹೆಂಡತಿ ಎಲೆ ಅಡಿಕೆ ಸಮೇತ ನಮ್ಮ ಮನೆಗೆ ಬಂದಿದ್ದರು. ನಾನು ಒಳಗೆ ಕಾಫಿ ಮಾಡುತ್ತಿದ್ದೆ. ಹೊರಗೆ ಬಂದಾಗ ಇವರು ಪತ್ರಿಕೆ ಹಿಡಿದು ಕೂತಿದ್ದರು. ಚೆನ್ನಾಗಿ ಬಂದೈತೆ ಎಂದಿದ್ದು ನೆನಪಿದೆ.

ದೊಡ್ಡ ಕಟ್ಟಿನಲ್ಲಿ ಪೂರ್ತಿ ಹುಡುಕಿದೆ. ಇರಲಿಲ್ಲ. ಸಣ್ಣ ಕಟ್ಟು ಬಿಚ್ಚಿದೆ. ಎಲ್ಲಕ್ಕೂ ಮೇಲೆ ಅದೇ ಇತ್ತು. ಸೊನ್ನೆ ನೋಡಿದೆ. ಮುಚ್ಚಿತ್ತು. ಕಿಟಕಿ ಹತ್ತಿರ ಹಿಡಿದು ನೋಡಿದೆ. ಪ್ರತಿ ಸೊನ್ನೆಯ ಮೇಲೂ ಒಂದು ಚುಕ್ಕೆ ಇಂಕು. ಪೆನ್ನಿನಲ್ಲಿ ಮುಚ್ಚಿದ್ದರು. ಒಂದನ್ನೂ ಬಿಟ್ಟಿರಲಿಲ್ಲ. ಮೂಲೆಯಲ್ಲಿ ಅವರ ಕೈಬರಹದಲ್ಲಿ ‘ನಂ. ೧’ ಎಂದಿತ್ತು.

ಒಂಬತ್ತು ವರ್ಷ ನನ್ನ ಹತ್ತಿರವೂ ಹೇಳಲಿಲ್ಲ. ಅವತ್ತು ಅವರ ಮೇಲೆ ಬಂದ ಸಿಟ್ಟು ಬದುಕಿದ್ದಾಗ ಒಂದು ದಿನವೂ ಬಂದಿರಲಿಲ್ಲ. ಟ್ರಂಕಿನ ಪಕ್ಕದಲ್ಲೇ ಕೂತು ಅತ್ತೆ. ಸತ್ತ ದಿನ ಅಷ್ಟು ಅತ್ತಿರಲಿಲ್ಲ.

ಮಾರನೇ ದಿನ ಮತ್ತೆ ಬಸ್ ಹತ್ತಿದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆ ಪತ್ರಿಕೆ ಇಟ್ಟೆ.

“ಅವರು ಕೊಡು ಅಂದ್ರು. ಕೊಟ್ಟಿದ್ದೀನಿ.”

ನಾಗಲಿಂಗಯ್ಯ ಪತ್ರಿಕೆಯನ್ನು ಬಹಳ ಹೊತ್ತು ನೋಡಿದರು. ಚುಕ್ಕೆಗಳ ಮೇಲೆ ಬೆರಳಾಡಿಸಿದರು. “ಅವತ್ತು ನನ್ ಮುಖಾನೂ ನೋಡ್ದ, ಪತ್ರಿಕೇನೂ ನೋಡ್ದ. ನಂಗ್ ಗೊತ್ತಾಗ್ಲಿಲ್ಲ ಕಣಕ್ಕ” ಎಂದರು. ಆಮೇಲೆ ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಈ ಸಲ ಸರಿಯಾಗಿ ಹಾಕುತ್ತೇನೆ ಎಂದರು.

ಹಾಕಿ ಮುಗಿಯಿತು. ತೆರೆಯ ಮೇಲೆ ಒಂದು ನಂಬರು ಬಂತು. ಅದರ ಕೆಳಗೆ, ‘ಶಿರಾಕ್ಕೆ ಫೋನ್ ಮಾಡಿ ಪದ ಕೇಳಿ’ ಎಂದು ಬಂತು. ಕೆಳಗೆ ನಮ್ಮ ಮನೆಯ ನಂಬರು.

ನಾಗಲಿಂಗಯ್ಯ ನನ್ನನ್ನು ನೋಡಿದರು.

“ನಂಗೊತ್ತಿಲ್ಲ. ನಂಬರು ಕೇಳಿ ಅವರೇ ಏನೋ ಎಣಿಸ್ಕೊಂಡು ಹೇಳೋರು” ಎಂದೆ.

“ಮೂಲದಾಗೆ ಇರ್ತೈತೆ. ಓದೋಕ್ ಬರೋರ್ನ ಹುಡುಕ್ಬೇಕು.”

“ಯಾರಿದ್ದಾರೆ?”

ಅವರು ಪದದ ಜಾಗ ಖಾಲಿ ಬಿಟ್ಟು ಮುಂದಕ್ಕೆ ಒತ್ತಿದರು. ಮೂಡಲ ತೆರೆಯಿತು. ‘ಅಂ’ ಎಂದು ಒತ್ತಿ ದೊಡ್ಡದು ಮಾಡಿದರು. ತೆರೆಯ ತುಂಬ ಸೊನ್ನೆ. ಬಾಯಿ ಬಿಟ್ಟಿತ್ತು. ಇನ್ನು ಮೇಲೆ ನ್ಯಾಯವಾಗಿ ಹಾಕಿದರೂ ಅಷ್ಟೇ, ಕದ್ದು ಹಾಕಿದರೂ ಅಷ್ಟೇ.

ನಾನು ಹೊರಟೆ. ಬಾಗಿಲ ತನಕ ಬಂದರು.

“ನನ್ ಕಾರ್ಡೂ ನೀವೇ ಮಾಡ್ಬೇಕು, ನಾಗಲಿಂಗಣ್ಣ.”

“ಅಂಗೆಲ್ಲ ಮಾತಾಡ್ಬ್ಯಾಡ್ರಿ ಅಕ್ಕ.”

“ಮಾಡ್ರಿ. ಸೊನ್ನೆ ಮಾತ್ರ ಪೆನ್ನಲ್ಲಿ ಮುಚ್ರಿ.”

ಆಗಲಿ ಎಂದರು. ಶಿರಾ ಬಸ್ ನಿಂತಿತ್ತು. ಹತ್ತಿದೆ.