ತೂಬಿನ ಗೌರಿ ಮತ್ತು ಕಾಲೇಜಿನ ಅಕ್ಕೋರು

ಮೊನ್ನೆ ಬಳ್ಳಾರಿಯಲ್ಲಿ ಕಣ್ಣು ತೋರಿಸಿಕೊಂಡು ಬರುವಾಗ ಆಟೋ ಒಂದು ಹಿಂಡಿ ಅಂಗಡಿಯ ಮುಂದೆ ನಿಂತಿತು. ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಮುಂದಕ್ಕೆ ಚಾಚಿಕೊಂಡಿತು, ನೀರಿನೊಳಗೆ ಯಾವುದೋ ಬಾಯಿಗೆ ಉಣಿಸುವ ಹಾಗೆ. ಪಕ್ಕದಲ್ಲಿದ್ದ ಮೊಮ್ಮಗಳು "ಏನಾತಜ್ಜಿ?" ಎಂದಳು. ಆಟೋದಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ನಿಮಗೆಲ್ಲ ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ.

ನಾನು ಕುರುಗೋಡಿನಲ್ಲಿ ನಾಲ್ಕಕ್ಷರ ಕಲಿತು, ಮದುವೆಯಾಗಿ ಸಿರುಗುಪ್ಪದ ಕಡೆ ಬಂದವಳು. ಆಗ ಎಪ್ಪತ್ತರ ದಶಕ. ನಿಮ್ಮ ಅಜ್ಜ ಕಾಲುವೆ ಪಕ್ಕದ ಮೀನುಮರಿ ಹೊಂಡಗಳಿಗೆ ಕಾವಲುಗಾರರಾಗಿದ್ದರು. ದಡದ ಮೇಲೇ ನಮ್ಮ ಮನೆ. ಕಾಲುವೆ ನೀರು ಹೊಂಡಕ್ಕೆ ಬೀಳುವ ತೂಬಿನ ಬಳಿ ನಾನು ಪಾತ್ರೆ ತೊಳೆಯುತ್ತಿದ್ದೆ. ಅಲ್ಲಿಗೆ ಒಂದು ದೊಡ್ಡ ಕಾಟ್ಲಾ ಮೀನು ಬರುತ್ತಿತ್ತು. ಮೊದಮೊದಲು ಅನ್ನದ ಅಗುಳಿಗೆ, ಆಮೇಲೆ ನಾನು ಹಿಡಿಯುವ ಹಿಂಡಿಯ ಉಂಡೆಗೆ. ಕೊನೆಕೊನೆಗೆ ನೀರಿನಲ್ಲಿ ಕೈಯಾಡಿಸಿ "ಗೌರೀ" ಎಂದರೆ ಸಾಕಾಗುತ್ತಿತ್ತು. ಆ ಹೊಸ ಜಾಗದಲ್ಲಿ ನಾನು ನಾಚದೆ ಮಾತಾಡುತ್ತಿದ್ದುದು ಅದೊಂದರ ಜೊತೆಗೇ.

ಮಳೆಗಾಲ ಶುರುವಾದರೆ ಬಳ್ಳಾರಿಯಿಂದ ಬಸ್ಸು ಹಿಡಿದು ಒಬ್ಬರು ಬರುತ್ತಿದ್ದರು. ಕಾಲೇಜಿನಲ್ಲಿ ಪಾಠ ಹೇಳುವವರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ನಿಂತ ನೀರಿನಲ್ಲಿ ಬೆಳೆದ ಮೀನಿಗೆ ಹೊಟ್ಟೆ ತುಂಬ ತತ್ತಿ ಇದ್ದರೂ ಅವು ಹಣ್ಣಾಗುವುದಿಲ್ಲ, ಹೊಟ್ಟೆಯೊಳಗೇ ಕರಗಿಹೋಗುತ್ತವೆ. ಅದು ಯಾಕೆ ಎಂಬುದೇ ಅವರ ಹುಡುಕಾಟ. ನಮ್ಮ ಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತಾ ಒಮ್ಮೆ ಹೇಳಿದ್ದರು:

"ಹಣ್ಣಾಗು ಅಂತ ತಲಿಯಿಂದ ಹುಕುಂ ಬರತೈತಿ. ಆದ್ರ ತತ್ತಿಗೆ ಅದು ನೇರ ಕೇಳಂಗಿಲ್ಲವಾ. ಸುತ್ತಲಿನ ಸಣ್ಣ ಸಣ್ಣ ಜೀವಕಣ ಅದನ್ನ ಕೇಳಿಸಿಕೊಂಡು, ತತ್ತಿ ಕಿವ್ಯಾಗ ಏನೋ ಹೇಳತಾವ. ಏನ್ ಹೇಳತಾವ ಅನ್ನೋದು ನಂಗ ಬೇಕಾಗೈತಿ."

ಆಗ ನಾನು ಚೊಚ್ಚಲ ಬಸುರಿ. ಆ ಮಾತಿಗೆ ಮೈ ಜುಮ್ಮೆಂದಿತ್ತು. ದುರ್ಬೀನಿನಂಥ ಮಸೂರದಲ್ಲಿ ತತ್ತಿಯನ್ನೂ ತೋರಿಸಿದ್ದರು. ಎಳೆಯದರ ನಡುವೆ ಒಂದು ಚುಕ್ಕೆ ಇರುತ್ತದೆ. ಹಣ್ಣಾದಾಗ ಆ ಚುಕ್ಕೆ ಅಂಚಿಗೆ ಸರಿಯುತ್ತದೆ.

ಹಿಂದಿನ ಮಳೆಗಾಲದಲ್ಲಿ ಒಂದೂ ಮೀನು ತತ್ತಿ ಬಿಟ್ಟಿರಲಿಲ್ಲ. ಈ ಸಲವೂ ಹಾಗೇ ಆದರೆ ಇನ್ನು ಬರುವುದು ಬೇಡ ಎಂದು ಇಲಾಖೆಯ ಮೇಲಿನವರು ಅಕ್ಕೋರಿಗೆ ಹೇಳಿಬಿಟ್ಟಿದ್ದರಂತೆ. ಒಂದು ಮಧ್ಯಾಹ್ನ ನನ್ನ ಬಳಿ ಬಂದರು. "ನಿನ್ನ ಮೀನು ಕರೀತಿಯೇನವಾ? ಬಲಿ ಬೀಸಿದ್ರ ಉಳಿದವೆಲ್ಲ ಗಾಬರಿ ಆಗತಾವ."

ತತ್ತಿ ಹಣ್ಣಾಗಲೆಂದು ಅಕ್ಕೋರು ಮೀನುಗಳಿಗೆ ಔಷಧದ ಸೂಜಿ ಹಾಕುತ್ತಿದ್ದರು; ಗೌರಿಗೂ ಹಾಗೇ ಚುಚ್ಚಿ ಮರಳಿ ನೀರಿಗೆ ಬಿಡುತ್ತಾರೆ ಎಂದುಕೊಂಡೆ. ಕೂಲಿಯವನೊಬ್ಬ ನಿಮ್ಮ ಅಜ್ಜನನ್ನು ಕೆಣಕಿದ: "ನೋಡಲೇ, ನಿನ್ ಹೆಂಡ್ತಿ ಮಾತು ಮೀನು ಕೇಳತೈತಿ, ನೀ ಕೇಳಂಗಿಲ್ಲ!" ಎಲ್ಲರೂ ನಕ್ಕರು. ನಾನೂ ಸೆರಗಿನ ಮರೆಯಲ್ಲಿ ನಗುತ್ತಲೇ ಕೈಯಾಡಿಸಿದೆ. ಗೌರಿ ಬಂತು.

ದಡದ ಮೇಲೆ ಒಂದೇ ಏಟು. ತಲೆ ಸೀಳಿ, ಮಿದುಳಿನ ಅಡಿಯಿಂದ ಎಳ್ಳುಕಾಳಿನಷ್ಟು ಬಿಳಿ ಗಂಟೊಂದನ್ನು ಅಕ್ಕೋರು ಚಿಮಟದಲ್ಲಿ ಎತ್ತಿದರು. ಹಣ್ಣಾಗು ಎಂಬ ಹುಕುಂ ಹೊರಡುವುದು ಅದರಿಂದಲೇ ಅಂತೆ; ಅದನ್ನು ಅರೆದು ಸೂಜಿಯಲ್ಲಿ ಇನ್ನೊಂದು ಮೀನಿಗೆ ಚುಚ್ಚಿದರು. ನನ್ನ ಕೈ ಇನ್ನೂ ನೀರಿನಲ್ಲೇ ಇತ್ತು...

ತಲೆ ತೆಗೆದ ಮೀನು ಕಾವಲುಗಾರನ ಮನೆಗೆ ಹೋಗುವುದು ಅಲ್ಲಿನ ರೂಢಿ. "ಬಸುರಿ ಹೆಂಗಸು, ತಿನ್ನಲಿ" ಎಂದು ಕಳಿಸಿದರು. ನಿಮ್ಮ ಅಜ್ಜ ಹಿತ್ತಲಲ್ಲಿ ಹೊಟ್ಟೆ ಕೊಯ್ದರು. ತಟ್ಟೆ ತುಂಬ ತತ್ತಿ.

ಅಷ್ಟರಲ್ಲಿ ಅಕ್ಕೋರು ಬಂದರು. "ಅದಕ್ಕ ಹೆಸರಿಟ್ಟೀ ಅಂತ ನಂಗ ಗೊತ್ತಿದ್ದಿಲ್ಲವಾ..." ಎನ್ನುತ್ತಿದ್ದವರ ಮಾತು ತಟ್ಟೆ ಕಂಡು ಅಲ್ಲೇ ನಿಂತಿತು. ಒಂದು ಚಮಚ ತತ್ತಿ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಬರಿಗಾಲಲ್ಲಿ ಓಡಿಬಂದರು.

"ಸರದೈತಿ! ಚುಕ್ಕಿ ಅಂಚಿಗೆ ಸರದೈತಿ! ಸೂಜಿ ಇಲ್ಲದನ ಹಣ್ಣಾಗ್ಯಾವ!"

ಮುಖದಲ್ಲಿ ರಕ್ತವೇ ಇರಲಿಲ್ಲ. ಹೊಸ್ತಿಲ ಮೇಲೆ ಕೂತು, ಏನು ತಿನ್ನಿಸುತ್ತಿದ್ದೆ, ಎಲ್ಲಿರುತ್ತಿತ್ತು, ಯಾವಾಗ ಬರುತ್ತಿತ್ತು ಎಂದು ಕೇಳಿದರು. ಗೊತ್ತಿದ್ದಷ್ಟನ್ನೂ ಹೇಳಿದೆ. ಪ್ರತಿ ಮಾತಿಗೂ ಅದಲ್ಲ ಎಂದು ತಲೆ ಅಲ್ಲಾಡಿಸಿದರು. ಎಲ್ಲ ಮೀನಿಗೂ ಹಾಕುತ್ತಿದ್ದುದು ಅದೇ ಹಿಂಡಿ. ಆ ತೂಬಿನ ನೀರಿಗೆ ಬೇರೆ ಮೀನುಗಳೂ ಬರುತ್ತಿದ್ದವು.

"ಯಾವ ಮೀನನ್ನ ಕೇಳಬೇಕಾಗಿತ್ತೋ ಅದನ್ನ ಕೊಂದೆನಲ್ಲವಾ" ಎಂದರು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಸಿಟ್ಟು ಮಾಡಬೇಕೆಂದಿದ್ದವಳು ಅವರ ಪಕ್ಕ ಕುಳಿತೆ.

ಬೆಳಿಗ್ಗೆ ನೋಡಿದರೆ, ಸೂಜಿ ಹಾಕಿಸಿಕೊಂಡ ಮೀನು ತತ್ತಿ ಬಿಟ್ಟಿತ್ತು. ಅದನ್ನು ಬಿಟ್ಟಿದ್ದ, ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಯೊಳಗೆಲ್ಲ ನೆನೆದ ಸಬ್ಬಕ್ಕಿಯಂತೆ ಕಾಳುಗಳು. ಗಂಡಸರು ಕೇಕೆ ಹಾಕಿ ಮಂಡಕ್ಕಿ, ಮಿರ್ಚಿ ತರಿಸಿದರು. ಅಕ್ಕೋರು ಮಾತ್ರ ತೂಬಿನ ಬಳಿ ನಿಂತು ನೀರು ನೋಡುತ್ತಿದ್ದರು. ಹೋಗುವಾಗ, "ಮುಂದಿನ ಮಳಿಗಾಲಕ್ಕ ಬರತೀನಿ. ಮತ್ತೊಂದನ್ನ ಸಾಕಿರು, ಈ ಸಲ ಮುಟ್ಟಂಗಿಲ್ಲ" ಎಂದರು.

ಸಾಕಿದೆ. ನಿಮ್ಮ ಅಪ್ಪ ತೊಡೆಯ ಮೇಲಿದ್ದ ಕೂಸು. ಮಳೆ ಬೀಳುವ ಮುಂಚೆ ಸುದ್ದಿ ಬಂತು: ಅಕ್ಕೋರು ಜ್ವರವೆಂದು ಬಳ್ಳಾರಿಯ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲವಂತೆ. ನಂಬಲಾಗದೆ ನಿಮ್ಮ ಅಜ್ಜನನ್ನು ಮತ್ತೆ ಮತ್ತೆ ಕೇಳಿದೆ. ಅಷ್ಟು ಗಟ್ಟಿಮುಟ್ಟಾಗಿದ್ದವರು...

ಆಟೋದಿಂದ ಇಳಿದು ಮನೆ ಸೇರಿದ ಮೇಲೆ ಮೊಮ್ಮಗಳಿಗೆ ಇಷ್ಟನ್ನು ಹೇಳಿದೆ. ಅವಳು ಕಾಲೇಜಿನಲ್ಲಿ ಇದನ್ನೇ ಓದುತ್ತಾಳೆ. ಪುಸ್ತಕ ತೆರೆದು, ತತ್ತಿಯ ಸುತ್ತಲಿನ ಕಣಗಳು ಕಳಿಸುವ ಆ ಸಂದೇಶಗಳಿಗೆ ಈಗ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ, ಕೆಲವು ಹಣ್ಣಾಗು ಎನ್ನುತ್ತವೆ, ಕೆಲವು ತಡಿ ಎನ್ನುತ್ತವೆ ಎಂದು ಓದಿ ಹೇಳಿದಳು. ಅಕ್ಕೋರು ಹೇಳಿದ್ದ ಮಾತೇ!

ಅವಳು ಫೋನು ಎತ್ತಿಕೊಂಡಳು. "ಅವರು ಬರೆದಿದ್ದು ಎಲ್ಲಾದ್ರೂ ಸಿಗಬಹುದಜ್ಜಿ. ಅವರ ಹೆಸರೇನು?"

ಹೇಳಲು ಬಾಯಿ ತೆರೆದೆ. ಮರೆತಿರಬೇಕು ಎಂದುಕೊಂಡು ಕಣ್ಣು ಮುಚ್ಚಿ ಹುಡುಕಿದೆ. ಮರೆತಿರಲಿಲ್ಲ. ನಾನು ಅವರ ಹೆಸರನ್ನು ಕೇಳಿಯೇ ಇರಲಿಲ್ಲ.