ಮೂರು ದ್ರಾಕ್ಷಿಯ ಬೆರಕೆ

ಮದುವೆಯಾಗಿ ಸರಗೂರಿಗೆ ಬಂದ ಮೇಲೆ ನಾನು ಕಬಿನಿ ಹಿನ್ನೀರಿನ ದಡದ ಒಂದು ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿದೆ. ಮೊದಲೆರಡು ವರ್ಷ ರೂಮು ಗುಡಿಸಿ ಹಾಸಿಗೆ ಹಾಸುತ್ತಿದ್ದೆ. ಆಮೇಲೆ ಊಟದ ಹಾಲಿಗೆ ಹಾಕಿದರು. ಅಲ್ಲಿ ಊಟದ ಜೊತೆಗೆ ವೈನನ್ನೂ ಸುರಿದು ಕೊಡಬೇಕಿತ್ತು. ಊಟ ಬಡಿಸುವ ಕೆಲಸ ಎಂದಷ್ಟೇ ಅತ್ತೆಗೆ ಹೇಳಿದ್ದೆ. ಬಾಟಲಿ ಹಿಡಿದು ಬಂದ ಸ್ವಂತ ತಮ್ಮನನ್ನೇ ಜಗಲಿಯಿಂದ ವಾಪಸ್ ಕಳಿಸಿದ ಹೆಂಗಸು ಅವರು.

ಒಂದು ಮಳೆಗಾಲದಲ್ಲಿ, ಅತಿಥಿಗಳು ಕಡಿಮೆ ಇದ್ದಾಗ, ನಮಗೆಲ್ಲ ವೈನ್ ಬಗ್ಗೆ ಕಲಿಸಲು ಮೈಸೂರಿನಿಂದ ಒಬ್ಬ ಮೇಡಂ ಬಂದರು. ಒಬ್ಬೊಬ್ಬರ ಮುಂದೆ ನಾಲ್ಕು ಗ್ಲಾಸು ಇಟ್ಟರು. ಮೊದಲ ಮೂರರಲ್ಲಿ ಒಂದೊಂದು ಜಾತಿಯ ದ್ರಾಕ್ಷಿಯ ಕೆಂಪು ವೈನ್: ಕ್ಯಾಬರ್ನೆ, ಮೆರ್ಲೋ, ಶಿರಾಜ್. ನಾಲ್ಕನೆಯದು ಮೂರನ್ನೂ ಬೆರೆಸಿದ್ದು.

"ಕುಡಿಯೋದು ಆಮೇಲೆ. ಮೊದಲು ಮೂಸಿ, ಏನು ನೆನಪಾಗುತ್ತೆ ಹೇಳಿ" ಎಂದರು.

ಒಬ್ಬ ದ್ರಾಕ್ಷಿ ಎಂದ. ಇನ್ನೊಬ್ಬ ಕೆಮ್ಮಿನ ಔಷಧಿ ಎಂದ. ನಾನು ಮೊದಲ ಗ್ಲಾಸನ್ನು ಮೂಗಿನ ಹತ್ತಿರ ತಂದವಳು ಹಾಗೇ ನಿಂತುಬಿಟ್ಟೆ. ನನ್ನ ತವರು ಪಿರಿಯಾಪಟ್ಟಣದ ಕಡೆ; ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬಾಗಿಲು ತೆಗೆದಾಗ ಬಿಸಿಗಾಳಿಯ ಜೊತೆ ಒಂದು ವಾಸನೆ ಬರುತ್ತದೆ, ಸಿಹಿಯೂ ಘಾಟೂ ಕೂಡಿದ್ದು. ಅದೇ ಇತ್ತು.

"ಬೆಂದ ಹೊಗೆಸೊಪ್ಪು ಮೇಡಂ" ಎಂದೆ. ಎಲ್ಲರೂ ನಕ್ಕರು.

ಮೇಡಂ ನಗಲಿಲ್ಲ. ಗ್ಲಾಸು ಮೂಸಿ, "ಸರಿಯಾಗಿ ಹೇಳಿದ್ರಿ. ನನಗೆ ಇದನ್ನ ಗುರುತು ಹಿಡಿಯೋಕೆ ವರ್ಷ ಬೇಕಾಯ್ತು" ಎಂದರು.

ಎರಡನೆಯದರಲ್ಲಿ ಮಾಗಿದ ಹಣ್ಣಿನ ವಾಸನೆ. ಮೂರನೆಯದರಲ್ಲಿ ಆಗಷ್ಟೇ ಕುಟ್ಟಿದ ಮೆಣಸು. ನಾಲ್ಕನೆಯದರಲ್ಲಿ ಮೂರೂ ಒಂದರ ಹಿಂದೆ ಒಂದು ಬಂದವು, ಹೊಗೆಸೊಪ್ಪು ಎಲ್ಲಕ್ಕಿಂತ ಕೊನೆಗೆ. ಆದರೂ ನನಗೆ ಅದು ಒಪ್ಪಿಗೆಯಾಗಲಿಲ್ಲ. ಸೊಪ್ಪು ವಿಂಗಡಿಸುವಾಗ ಒಂದು ದರ್ಜೆಯ ಎಲೆ ಇನ್ನೊಂದಕ್ಕೆ ಸೇರಿದರೆ ಅವ್ವ ಕೈಮೇಲೆ ಹೊಡೆಯುತ್ತಿದ್ದಳು. ಬೆರಕೆ ಎಂದರೆ ಮೋಸ ಅಂತಲೇ ನಾನು ಕಲಿತದ್ದು. ಅದನ್ನೇ ಕೇಳಿದೆ.

"ಕೆಟ್ಟದ್ದನ್ನ ಮುಚ್ಚೋಕೆ ಬೆರೆಸಿದ್ರೆ ಮೋಸ" ಎಂದರು ಮೇಡಂ. "ಇಲ್ಲಿ ಮೂರೂ ಒಳ್ಳೇವೇ. ಒಂದು ಬಿಗಿ, ಒಂದು ಮೆತ್ತಗೆ, ಒಂದು ಖಾರ. ಒಂದರಲ್ಲಿ ಇಲ್ಲದ್ದನ್ನ ಇನ್ನೊಂದು ಕೊಡುತ್ತೆ."

ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ ಉಗಿಯಿರಿ ಎಂದರು. ಅಷ್ಟು ಜನರ ಮುಂದೆ ಉಗಿಯಲು ನಾಚಿಕೆಯಾಗಿ ನಾನು ನುಂಗಿಬಿಟ್ಟೆ.

ಜೊತೆಯವಳೊಬ್ಬಳು ನಾನು ಗ್ಲಾಸು ಹಿಡಿದಿದ್ದ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿದ್ದಳು. ಪಕ್ಕದ ಮನೆಯವರ ಫೋನಿನಲ್ಲಿ ಅತ್ತೆ ಅದನ್ನು ನೋಡಿದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ತಲೆ ಎತ್ತದೆ ಕೇಳಿದರು.

"ಕುಡ್ದ್ಯೇನವ್ವ?"

ಮೂಸಿದೆ ಅಷ್ಟೇ ಎನ್ನಬಹುದಿತ್ತು. ಬಾಯಿ ಬರಲಿಲ್ಲ. "ಒಂದು ಗುಟುಕು ನುಂಗ್ದೆ ಕಣತ್ತೆ. ಉಗಿಯಾಕೆ ನಾಚ್ಕೆ ಆಯ್ತು."

ಅತ್ತೆಯ ಕೈ ನಿಂತಿತು. "ಎಂಗಿತ್ತು?"

"ಒಗರು. ಎಳೆ ಸೀಬೆಕಾಯಿ ಕಡ್ದಂಗೆ."

"ಅಯ್ಯೋ, ಅದ್ಕಾ ಅಷ್ಟ್ ದೂರ್‌ದಿಂದ ಬತ್ತಾರೆ ಜನ!" ಎಂದು ಅವರು ನಕ್ಕುಬಿಟ್ಟರು. ಆಮೇಲೆ ದನಿ ತಗ್ಗಿಸಿ, "ಕೆಲ್ಸ ಅಂದ್ಮೇಲೆ ಮಾಡು, ಬ್ಯಾಡ ಅನ್ನಲ್ಲ. ನಂತಾವ ಮುಚ್ಚಿಡ್ಬ್ಯಾಡ ಬುಡು" ಎಂದರು.

ನನಗೆ ಅಳು ಬಂತು. ಸಿಪ್ಪೆ ಬಳಿಯುವ ನೆಪದಲ್ಲಿ ಎದ್ದೆ.

ಈಗ ಆ ಬೆರಕೆ ವೈನಿನ ಬಾಟಲಿ ತೆಗೆಯಬೇಕಾದರೆ ನನ್ನನ್ನೇ ಕರೆಯುತ್ತಾರೆ. ಅತಿಥಿಗಳಿಗೆ ಸ್ವಲ್ಪ ಹೊತ್ತು ಗ್ಲಾಸಿನಲ್ಲೇ ಇರಲಿ, ಆತುರ ಬೇಡ, ವಾಸನೆ ಒಂದೊಂದಾಗಿ ಬರುತ್ತೆ ಎನ್ನುತ್ತೇನೆ. ಕೆಲವರು ನನ್ನ ಮಾತು ಕೇಳುತ್ತಾರೆ, ಕೆಲವರು ಒಂದೇ ಸಲಕ್ಕೆ ಮುಗಿಸುತ್ತಾರೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಮ್ ಸೊಸೆ ಕುಡಿಯಾಕಿಲ್ಲ ಕಣವ್ವ. ಮೂಸೇ ಯಾವ್ದು ಅಂತ ಯೋಳ್ಬುಡ್ತಾಳೆ." ನಾನು ಕೇಳದವಳಂತೆ ಬಸ್ಸು ಹತ್ತಿದೆ.